ಫೋನಿಗೆ ಯಾವ ಚಾರ್ಜರ್, ಯಾವ ಕೇಬಲ್? ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ

ಹೋದ ಮಳೆಗಾಲದಲ್ಲಿ ಕಾಪುವಿನಿಂದ ಅತ್ತೆ ನಮ್ಮ ಮನೆಗೆ ಬಂದಿದ್ದರು. ಕೊಡೆ ಮಡಚಿ ಬಾಗಿಲ ಹೊರಗೆ ಇಟ್ಟವರೇ ಬ್ಯಾಗಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. "ಇದರ ಬ್ಯಾಟರಿ ಹೋಗಿದೆಯಂತೆ. ರಾತ್ರಿ ಇಡೀ ಚಾರ್ಜಿಗೆ ಇಟ್ಟರೂ ಬೆಳಿಗ್ಗೆ 60, 70 ತೋರಿಸುತ್ತದೆ. ಹೊಸತು ಹಾಕಿಸಬೇಕು ಅಂತ ಅಂಗಡಿಯವ ಹೇಳಿದ. ನೀನೊಮ್ಮೆ ನೋಡು ಮಾರಾಯ."

ಫೋನಿಗೆ ಇನ್ನೂ ಎರಡು ವರ್ಷ ಆಗಿಲ್ಲ. ಅಷ್ಟು ಬೇಗ ಬ್ಯಾಟರಿ ಹೋಗುವುದು ಅಪರೂಪ. ಚಾರ್ಜರ್ ತಂದಿದ್ದೀರಾ ಅಂತ ಕೇಳಿದೆ. ತಂದಿದ್ದರು. ಚಾರ್ಜರ್ ಫೋನಿನ ಜೊತೆ ಬಂದದ್ದೇ, ಅದಕ್ಕೇನೂ ತೊಂದರೆ ಇಲ್ಲ. ಕೇಬಲ್ ಮಾತ್ರ ಬೇರೆ. ಹಳೆಯದು ತುಂಡಾಯಿತು ಅಂತ ಬಸ್ ಸ್ಟ್ಯಾಂಡಿನ ಹತ್ತಿರ 99 ರೂಪಾಯಿಗೆ ತೆಗೆದುಕೊಂಡದ್ದು, ಪ್ಯಾಕೆಟ್ ಮೇಲೆ 65 ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತಂತೆ. ನನ್ನ ಹತ್ತಿರ ಒಂದು ಯುಎಸ್‌ಬಿ ಮೀಟರ್ ಉಂಟು, ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಅದನ್ನು ಹಾಕಿ ನೋಡಿದರೆ ಚಾರ್ಜರಿನ ಬಾಯಲ್ಲಿ 5.1 ವೋಲ್ಟ್. ಕೇಬಲ್ ದಾಟಿ ಫೋನಿನ ಹತ್ತಿರ ಬರುವಾಗ 4.3 ವೋಲ್ಟ್, ಕರೆಂಟು ಅರ್ಧ ಆಂಪಿಯರ್ ಕೂಡ ಇಲ್ಲ. ಅಂದರೆ ಫೋನಿಗೆ ಸಿಗುತ್ತಿದ್ದದ್ದು ಬರೀ 2 ವ್ಯಾಟ್. ನನ್ನ ಕೇಬಲ್ ಹಾಕಿದ ಕೂಡಲೇ ಪರದೆ ಮೇಲೆ ಫಾಸ್ಟ್ ಚಾರ್ಜಿಂಗ್ ಅಂತ ಬಂತು, ಅತ್ತೆ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ 30 ದಾಟಿತ್ತು. ಬ್ಯಾಟರಿ ಚೆನ್ನಾಗಿಯೇ ಇತ್ತು.

ಇದು ಅತ್ತೆಯೊಬ್ಬರ ಕಥೆ ಅಲ್ಲ. ನಮ್ಮ ನೆಂಟರಲ್ಲಿ, ಅಕ್ಕಪಕ್ಕದಲ್ಲಿ ಎಷ್ಟೋ ಜನ ಹೀಗೇ ಸುಮ್ನೆ ಬ್ಯಾಟರಿ ಬದಲಿಸಿದ್ದಾರೆ, ಕೆಲವರು ಫೋನೇ ಬದಲಿಸಿದ್ದಾರೆ. ಹಾಗಾಗಿ ಸ್ವಲ್ಪ ಉದ್ದ ಆದರೂ ಪರವಾಗಿಲ್ಲ ಅಂತ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ. ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡು ಓದಿ: ಫೋನು, ಚಾರ್ಜರ್, ಕೇಬಲ್ ಮೂರೂ ಒಪ್ಪಬೇಕು. ಮೂರರಲ್ಲಿ ಯಾವುದು ಸೋಲುತ್ತದೋ ಅದರ ವೇಗದಲ್ಲೇ ಚಾರ್ಜ್ ಆಗುವುದು.

ಮೊದಲು ನಿಮ್ಮ ಫೋನಿಗೆ ಎಷ್ಟು ಬೇಕು ನೋಡಿ

ಅಂಗಡಿಗೆ ಹೋಗಿ "ಒಂದು ಒಳ್ಳೆ ಚಾರ್ಜರ್ ಕೊಡಿ" ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ, ಅವರ ತಪ್ಪೂ ಅಲ್ಲ. ಮನೆಯಲ್ಲೇ ಎರಡು ವಿಷಯ ಗೊತ್ತು ಮಾಡಿಕೊಂಡು ಹೋಗಿ. ನಿಮ್ಮ ಫೋನು ಗರಿಷ್ಠ ಎಷ್ಟು ವ್ಯಾಟ್ ತೆಗೆದುಕೊಳ್ಳುತ್ತದೆ, ಮತ್ತು ಚಾರ್ಜರಿನ ಜೊತೆ ಮಾತಾಡಲು ಅದಕ್ಕೆ ಯಾವ ಭಾಷೆ, ಅಂದರೆ ಯಾವ ಬಗೆಯ ವೇಗದ ಚಾರ್ಜಿಂಗ್, ಅರ್ಥವಾಗುತ್ತದೆ. ಎರಡೂ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಪುಟದಲ್ಲಿ ಇರುತ್ತವೆ. ಮಾಡೆಲ್ ಹೆಸರು ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಅಬೌಟ್ ಫೋನ್ ಅಂತ ಇರುವಲ್ಲಿ ಸಿಗುತ್ತದೆ.

ವ್ಯಾಟ್ ಅಂದರೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದ್ದು, ಅಷ್ಟೇ. 5 ವೋಲ್ಟ್ 2 ಆಂಪಿಯರ್ ಅಂದರೆ 10 ವ್ಯಾಟ್. 9 ವೋಲ್ಟ್ 2 ಆಂಪಿಯರ್ ಅಂದರೆ 18. ಈಗಿನ ಹೆಚ್ಚಿನ ಫೋನುಗಳಲ್ಲಿ ಇರುವ 5000 ಎಂಎಎಚ್ ಬ್ಯಾಟರಿಯನ್ನು ವ್ಯಾಟ್ ಲೆಕ್ಕಕ್ಕೆ ತಂದರೆ ಹೆಚ್ಚುಕಡಿಮೆ 19 ವ್ಯಾಟ್ ಅವರ್ ಆಗುತ್ತದೆ. ಹಾಗಾದರೆ ಹಳೆಯ 5 ವ್ಯಾಟ್ ಚಾರ್ಜರ್ ಹಾಕಿದರೆ ನಾಲ್ಕು ಗಂಟೆಗೂ ಜಾಸ್ತಿ ಬೇಕು, 10 ವ್ಯಾಟಿಗೆ ಎರಡು ಗಂಟೆಯ ಮೇಲೆ. 25 ವ್ಯಾಟ್ ಹಾಕಿದರೆ ಮುಕ್ಕಾಲು ಗಂಟೆಯಲ್ಲಿ ಆಗಬೇಕಲ್ಲ ಅಂತ ಅನಿಸಬಹುದು. ಆಗುವುದಿಲ್ಲ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಫೋನು ತಾನೇ ವೇಗ ಇಳಿಸುತ್ತದೆ, 80ರ ನಂತರವಂತೂ ನಿಧಾನವೇ. ಹಾಗಾಗಿ ಪೆಟ್ಟಿಗೆ ಮೇಲಿನ ದೊಡ್ಡ ಅಂಕೆ ಶುರುವಿನ ಓಟಕ್ಕೆ ಮಾತ್ರ.

ಇನ್ನು ಭಾಷೆ. ಚಾರ್ಜರ್ ಮತ್ತು ಫೋನು ಮೊದಲು ಮಾತಾಡಿಕೊಳ್ಳುತ್ತವೆ. ಶುರುವಿಗೆ ಯಾವ ಚಾರ್ಜರ್ ಆದರೂ ಕೊಡುವುದು 5 ವೋಲ್ಟ್ ಮಾತ್ರ. ಆಮೇಲೆ ಫೋನು "ನನಗೆ 9 ವೋಲ್ಟ್ ಕೊಡು" ಅಂತ ಕೇಳುತ್ತದೆ, ಚಾರ್ಜರಿಗೆ ಆ ಮಾತು ತಿಳಿದರೆ ಏರಿಸುತ್ತದೆ. ತಿಳಿಯದಿದ್ದರೆ 5ರಲ್ಲೇ ನಿಲ್ಲುತ್ತದೆ. ಎಷ್ಟೋ ಜನ "65 ವ್ಯಾಟ್ ಚಾರ್ಜರ್ ತಂದೆ, ಆದರೂ ನಿಧಾನ" ಅಂತ ಹೇಳುವುದು ಇದರಿಂದಲೇ.

ಎಲ್ಲರಿಗೂ ಸೇರಿದ ಭಾಷೆ ಒಂದುಂಟು, ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ. ಅದರಲ್ಲೇ ಇನ್ನೊಂದು ಸೂಕ್ಷ್ಮದ ಬಗೆ ಪಿಪಿಎಸ್. ಸಾದಾ ಪಿಡಿಯಲ್ಲಿ 5, 9, 15, 20 ವೋಲ್ಟ್ ಅಂತ ಮೆಟ್ಟಿಲು ಇರುತ್ತದೆ. ಪಿಪಿಎಸ್ ಇದ್ದರೆ ಫೋನು ನಡುವಿನ ವೋಲ್ಟೇಜನ್ನೂ ಚೂರು ಚೂರೇ ಹೊಂದಿಸಿ ಕೇಳಬಹುದು, ಫೋನು ಬಿಸಿಯಾಗುವುದೂ ಕಡಿಮೆ. ಐಫೋನಿಗೆ ಪಿಡಿ ಸಾಕು. ಐಫೋನ್ 8ರಿಂದ ಈಚೆಗೆ ಎಲ್ಲದರಲ್ಲೂ ವೇಗದ ಚಾರ್ಜಿಂಗ್ ಉಂಟು, 12ರಿಂದ 16ರವರೆಗಿನ ಮಾಡೆಲ್‌ಗಳಿಗೆ 20 ವ್ಯಾಟ್ ಇದ್ದರೆ ಸುಮಾರು ಅರ್ಧ ಗಂಟೆಯಲ್ಲಿ ಅರ್ಧ ಬ್ಯಾಟರಿ ತುಂಬುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿಯ 25 ವ್ಯಾಟ್ ಫೋನುಗಳಿಗೆ ಪಿಪಿಎಸ್ ಬೇಕೇ ಬೇಕು. ಪಿಪಿಎಸ್ ಇಲ್ಲದ ಪಿಡಿ ಚಾರ್ಜರ್ ಹಾಕಿದರೆ ಪರದೆ ಮೇಲೆ ಫಾಸ್ಟ್ ಚಾರ್ಜಿಂಗ್ ಅಂತ ಬರುತ್ತದೆ, ಸರಿಯಾದ್ದು ಹಾಕಿದರೆ ಸೂಪರ್ ಫಾಸ್ಟ್ ಚಾರ್ಜಿಂಗ್ ಅಂತ. ಆ ಒಂದು ಪದದ ವ್ಯತ್ಯಾಸ ನೋಡಿ ತಿಳಿದುಕೊಳ್ಳಬಹುದು. ಪಿಕ್ಸೆಲ್ ಇರುವವರೂ ಪಿಪಿಎಸ್ ಇರುವುದನ್ನೇ ತೆಗೆದುಕೊಳ್ಳಿ.

ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ ಇವರದ್ದು ಬೇರೆ ದಾರಿ, ಸೂಪರ್‌ವೂಕ್. ಅವರ 65 ವ್ಯಾಟ್ ಚಾರ್ಜರ್ ತಿರುಗಿಸಿ ನೋಡಿ, 10 ವೋಲ್ಟ್ 6.5 ಆಂಪಿಯರ್ ಅಂತ ಇರುತ್ತದೆ. 80 ವ್ಯಾಟಿನದ್ದು 11 ವೋಲ್ಟ್ 7.3 ಆಂಪಿಯರ್. ಇಷ್ಟು ಆಂಪಿಯರ್ ಮಾಮೂಲಿ ಟೈಪ್ ಸಿ ಕೇಬಲಿನಲ್ಲಿ ಹೋಗುವ ಹಾಗೆ ಇಲ್ಲ, ಅದರಲ್ಲಿ ಅತಿ ಒಳ್ಳೆಯದರ ಮಿತಿಯೇ 5 ಆಂಪಿಯರ್. ಹಾಗಾಗಿ ಈ ಫೋನುಗಳಿಗೆ ಕಂಪನಿಯದ್ದೇ ಚಾರ್ಜರ್ ಸಾಲದು, ಕಂಪನಿಯದ್ದೇ ಕೇಬಲೂ ಬೇಕು. ವಿವೋ ಮತ್ತು ಶಿಯೋಮಿಯ ದೊಡ್ಡ ವ್ಯಾಟಿನ ಫೋನುಗಳಿಗೂ ಇದೇ ಮಾತು. ಬೇರೆ ಪಿಡಿ ಚಾರ್ಜರ್ ಹಾಕಿದರೆ ಚಾರ್ಜ್ ಆಗುತ್ತದೆ, ಆದರೆ ಪೂರ್ತಿ ವೇಗ ಸಿಗುವುದಿಲ್ಲ. ಇಂಥ ಫೋನು ಇರುವವರು ಜೊತೆಗೆ ಬಂದ ಕೇಬಲನ್ನು ಜೋಪಾನ ಮಾಡಿ, ಬಸ್ಸಿಗೆ ರೈಲಿಗೆ ಒಯ್ಯಲು ಬೇರೆ ಒಂದು ಸಾದಾ ಕೇಬಲ್ ಇಟ್ಟುಕೊಳ್ಳಿ.

ಜಾಸ್ತಿ ವ್ಯಾಟ್ ಹಾಕಿದರೆ ಫೋನು ಸುಟ್ಟು ಹೋಗುವುದಿಲ್ಲವಾ ಅಂತ ನನ್ನನ್ನು ಕೇಳದವರೇ ಇಲ್ಲ. ಇಲ್ಲ, ಹೋಗುವುದಿಲ್ಲ. ಬಾವಿಯಲ್ಲಿ ನೀರು ಎಷ್ಟೇ ಇರಲಿ, ಕೊಡಪಾನದಲ್ಲಿ ಹಿಡಿಯುವಷ್ಟೇ ತಾನೇ ಮೇಲೆ ಬರುವುದು. 65 ವ್ಯಾಟಿನ ಒಳ್ಳೆಯ ಲ್ಯಾಪ್‌ಟಾಪ್ ಚಾರ್ಜರಿಗೆ 18 ವ್ಯಾಟಿನ ಫೋನು ಹಾಕಿದರೆ ಫೋನು 18ನ್ನೇ ಎಳೆದುಕೊಳ್ಳುತ್ತದೆ. ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಹಾಸ್ಟೆಲಿನಲ್ಲಿ ಇರುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಲ್ಯಾಪ್‌ಟಾಪ್ ಟೈಪ್ ಸಿಯಲ್ಲಿ ಚಾರ್ಜ್ ಆಗುವಂಥದ್ದಾದರೆ ಒಂದು ಒಳ್ಳೆಯ 65 ವ್ಯಾಟ್ ಚಾರ್ಜರ್ ಎರಡಕ್ಕೂ ಆಗುತ್ತದೆ, ಬ್ಯಾಗಿನ ಭಾರವೂ ಕಡಿಮೆ. ಅದರಲ್ಲಿ ಗ್ಯಾನ್ ಅಂತ ಬರೆದದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಗ್ಯಾಲಿಯಂ ನೈಟ್ರೈಡ್ ಬಳಸಿ ಮಾಡಿದ್ದು, ಅದೇ ವ್ಯಾಟಿಗೆ ಗಾತ್ರ ಚಿಕ್ಕದು.

ಚಾರ್ಜರ್ ತಿರುಗಿಸಿ ಸಣ್ಣ ಅಕ್ಷರ ಓದಿ

ಪೆಟ್ಟಿಗೆ ಮೇಲಿನ ದೊಡ್ಡ ಅಕ್ಷರ ಬಿಡಿ. ಚಾರ್ಜರಿನ ಮೈಮೇಲೆ, ಪಿನ್ನಿನ ಹತ್ತಿರ, ಬೂದು ಬಣ್ಣದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬರೆದಿರುತ್ತದೆ ನೋಡಿ, ಅದೇ ಚಾರ್ಜರಿನ ಜಾತಕ. ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡ ಮಾಡಿ ನೋಡಿ. ನಾನು ಯಾವಾಗಲೂ ಹಾಗೇ ಮಾಡುವುದು.

ಮೊದಲ ಸಾಲು ಇನ್‌ಪುಟ್. 100 ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತ ಇರಬೇಕು. ನಮ್ಮ ಮನೆಯ ಕರೆಂಟು 230 ವೋಲ್ಟ್, ಆದರೆ ಮಳೆಗಾಲದಲ್ಲಿ ಏರಿಳಿತ ಎಷ್ಟು ಅಂತ ನಿಮಗೇ ಗೊತ್ತುಂಟು. ಕೆಳಗಿನ ಮಿತಿ 100 ಇರುವ ಚಾರ್ಜರ್ ವೋಲ್ಟೇಜ್ ಕುಸಿದಾಗಲೂ ಕೆಲಸ ಮಾಡುತ್ತದೆ. ಮುಂಬಯಿಗೆ ಹೋಗುವ ರೈಲಿನಲ್ಲಿ ಸೀಟಿನ ಹತ್ತಿರದ ಸಾಕೆಟ್ ಮೇಲೆ 110 ವೋಲ್ಟ್ ಅಂತ ಬರೆದದ್ದು ನೋಡಿರಬಹುದು, ಅಲ್ಲಿಯೂ ಆಗುತ್ತದೆ.

ಆಮೇಲಿನ ಸಾಲುಗಳು ಔಟ್‌ಪುಟ್. ಇಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 2.77 ಆಂಪಿಯರ್ ಅಂತ ಒಂದೊಂದಾಗಿ ಇರುತ್ತದೆ. ಪಿಪಿಎಸ್ ಇದ್ದರೆ "3.3 ರಿಂದ 11 ವೋಲ್ಟ್, 2.25 ಆಂಪಿಯರ್" ಎಂಬ ಹಾಗೆ ಇಲ್ಲಿಂದ ಅಲ್ಲಿವರೆಗೆ ಅಂತ ಬರೆದಿರುತ್ತದೆ. ಈ ಅಂಕೆಗಳನ್ನು ಗುಣಿಸಿ ನೋಡಿ. ಮುಂದೆ 65 ವ್ಯಾಟ್ ಅಂತ ಬರೆದು ಹಿಂದೆ ಗುಣಿಸಿದರೆ 15 ಮಾತ್ರ ಬಂದರೆ ಆ ಚಾರ್ಜರನ್ನು ಅಲ್ಲೇ ವಾಪಸ್ ಇಟ್ಟು ಬನ್ನಿ.

ಎರಡು ಮೂರು ಪೋರ್ಟ್ ಇರುವ ಚಾರ್ಜರ್ ಆದರೆ ಇನ್ನೊಂದು ಸಾಲೂ ಓದಬೇಕು. 65 ವ್ಯಾಟ್ ಅನ್ನುವುದು ಒಟ್ಟು. ಒಂದೇ ಪೋರ್ಟ್ ಬಳಸಿದರೆ 65, ಎರಡೂ ಬಳಸಿದರೆ 45 ಮತ್ತು 20 ಅಂತ ಹಂಚಿಕೆ. ಒಂದು ಫೋನು ಚಾರ್ಜ್ ಆಗುತ್ತಿರುವಾಗ ಎರಡನೆಯದು ಚುಚ್ಚಿದರೆ ಮೊದಲನೆಯದು ಒಂದು ಕ್ಷಣ ನಿಂತು ಮತ್ತೆ ಶುರುವಾಗಬಹುದು. ಅದು ಕೆಟ್ಟದ್ದಲ್ಲ, ಹೊಸ ಹಂಚಿಕೆಗೆ ಮಾತಾಡಿಕೊಳ್ಳುವುದು ಅಷ್ಟೇ.

ಇನ್ನೊಂದು ಮುಖ್ಯ ಗುರುತು, ಬಿಐಎಸ್ ನೋಂದಣಿ ನಂಬರ್. ಬಿಐಎಸ್ ಅಂದರೆ ವಸ್ತುಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ. ನಮ್ಮ ದೇಶದಲ್ಲಿ ಮೊಬೈಲ್ ಚಾರ್ಜರ್ ಮಾರಲು ಇದು ಕಡ್ಡಾಯ. 'ಆರ್' ಅಂತ ಒಂದು ಇಂಗ್ಲಿಷ್ ಅಕ್ಷರ, ಅಡ್ಡಗೀಟು, ಆಮೇಲೆ 8 ಅಂಕೆ. ಬಿಐಎಸ್ ಕೇರ್ ಅಂತ ಸರ್ಕಾರದ ಆ್ಯಪ್ ಉಂಟು, ಪುಕ್ಕಟೆ. ಅದರಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಲ್ಲಿ ನೋಂದಣಿ ಆಗಿದೆ, ಯಾವ ವಸ್ತುವಿಗೆ ಅಂತ ತೋರಿಸುತ್ತದೆ. ಚಾರ್ಜರ್ ಮೇಲೆ ಒಂದು ಕಂಪನಿಯ ಹೆಸರು, ಆ್ಯಪ್‌ನಲ್ಲಿ ಚಾರ್ಜರಿಗೆ ಸಂಬಂಧವೇ ಇಲ್ಲದ ಬೇರೆ ವಸ್ತು ಬಂದರೆ ಅದು ಕಳ್ಳ ನಂಬರ್. ಅಂಗಡಿಯಲ್ಲೇ ನಿಂತು ಎರಡು ನಿಮಿಷದಲ್ಲಿ ನೋಡಬಹುದು, ಸಂಕೋಚ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಚಾರ್ಜರಿನ ಒಳಗೆ ಒಂದು ಬದಿಯಲ್ಲಿ 230 ವೋಲ್ಟ್, ಇನ್ನೊಂದು ಬದಿಯಲ್ಲಿ ನಮ್ಮ ಕೈಗೆ ತಾಗುವ ಫೋನು. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಮತ್ತು ಕೆಲವೇ ಮಿಲಿಮೀಟರ್ ಖಾಲಿ ಜಾಗ. ಒಳ್ಳೆಯ ಚಾರ್ಜರಿನಲ್ಲಿ ಆ ಅಂತರವನ್ನು ಲೆಕ್ಕ ಹಾಕಿ ಬಿಟ್ಟಿರುತ್ತಾರೆ. ಅಗ್ಗದ್ದರಲ್ಲಿ ಆ ಜಾಗ ಉಳಿಸಿರುವುದಿಲ್ಲ. ನಮ್ಮ ಕರಾವಳಿಯ ಹವೆಯಲ್ಲಿ, ಗೋಡೆಯೇ ಬೆವರುವ ಜುಲೈ ತಿಂಗಳಲ್ಲಿ, ಆ ಇಕ್ಕಟ್ಟಿನಲ್ಲಿ ತೇವ ಕೂತರೆ ಏನಾಗಬಹುದು ಅಂತ ಯೋಚಿಸಿ. ಮಕ್ಕಳು ಚಾರ್ಜಿಗೆ ಇಟ್ಟ ಫೋನು ಹಿಡಿದು ನೆಲದ ಮೇಲೆ ಕೂರುತ್ತಾರೆ ಅಲ್ವಾ. ದುಡ್ಡು ಉಳಿಸಲು ಇದು ಜಾಗ ಅಲ್ಲ.

ಗಲ್ಫಿನಿಂದ ಬಂದ ಚಾರ್ಜರಿನ ಬಗ್ಗೆ ಒಂದು ಮಾತು. ದುಬೈ, ಕತಾರ್, ಕುವೈತಿನಿಂದ ತಂದ ಫೋನಿನ ಜೊತೆ ಚೌಕದ ಮೂರು ಪಿನ್ನಿನ ಚಾರ್ಜರ್ ಬರುತ್ತದೆ. ನಮ್ಮ ಊರಲ್ಲಿ ಎರಡು ಮನೆಗೊಂದು ಇಂಥದ್ದು ಇರುತ್ತದೆ. ಚಾರ್ಜರ್ ಒಳ್ಳೆಯದೇ, ವೋಲ್ಟೇಜೂ ಸರಿಹೊಂದುತ್ತದೆ. ತೊಂದರೆ ಇರುವುದು ಅದಕ್ಕೆ ನಾವು ಹಾಕುವ 20, 30 ರೂಪಾಯಿಯ ಕನ್ವರ್ಟರ್ ಪಿನ್ನಿನಲ್ಲಿ. ಸಡಿಲ ಆಗಿ ಚರಚರ ಸದ್ದು ಬರುತ್ತದೆ, ಕಿಡಿ ಹಾರುತ್ತದೆ, ಪ್ಲಾಸ್ಟಿಕ್ ಕಪ್ಪಾಗುತ್ತದೆ. ಗಟ್ಟಿಯಾಗಿ ಕೂರುವ ಒಳ್ಳೆಯ ಕನ್ವರ್ಟರ್ ತೆಗೆದುಕೊಳ್ಳಿ, ಇಲ್ಲವಾದರೆ ಇಲ್ಲಿನ ಪಿನ್ನಿನದ್ದೇ ಬೇರೆ ಚಾರ್ಜರ್ ತರಿಸಿ. ಕೇಬಲ್ ಹೇಗೂ ಅದೇ ಆಗುತ್ತದೆ.

ಕೇಬಲ್, ಎಲ್ಲರೂ ಕಡೆಗಣಿಸುವುದು ಇದನ್ನೇ

ಕೇಬಲನ್ನು ನಾವು ಬರೀ ವಯರ್ ಅಂತ ತಿಳಿಯುತ್ತೇವೆ. ಅದರೊಳಗೆ ಕರೆಂಟು ಹೋಗಲು ಒಂದು ತಂತಿ, ವಾಪಸ್ ಬರಲು ಒಂದು. ಆ ತಂತಿಯ ದಪ್ಪಕ್ಕೆ ಗೇಜ್ ನಂಬರ್ ಉಂಟು, ನಂಬರ್ ಹೆಚ್ಚಾದಷ್ಟೂ ತಂತಿ ತೆಳ್ಳಗೆ. 28 ಗೇಜಿನ ತಾಮ್ರದ ತಂತಿ ಒಂದು ಮೀಟರ್ ಕೇಬಲಿನಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು 0.43 ಓಮ್ ತಡೆ ಒಡ್ಡುತ್ತದೆ. 2 ಆಂಪಿಯರ್ ಹರಿಸಿದರೆ ದಾರಿಯಲ್ಲೇ 0.85 ವೋಲ್ಟ್ ಖರ್ಚು. 5 ವೋಲ್ಟ್ ಹೊರಟದ್ದು 4.15 ಆಗಿ ತಲುಪುತ್ತದೆ, ಫೋನು ಇದು ದುರ್ಬಲ ಚಾರ್ಜರ್ ಅಂತ ತಿಳಿದು ಎಳೆಯುವುದನ್ನೇ ಕಡಿಮೆ ಮಾಡುತ್ತದೆ. ಅದೇ ಉದ್ದಕ್ಕೆ 24 ಗೇಜ್ ಹಾಕಿದರೆ ಖರ್ಚು 0.34 ವೋಲ್ಟ್ ಮಾತ್ರ. ಇದು ಶುದ್ಧ ತಾಮ್ರದ ಲೆಕ್ಕ. ಎಷ್ಟೋ ಅಗ್ಗದ ಕೇಬಲುಗಳಲ್ಲಿ ಪೂರ್ತಿ ತಾಮ್ರ ಇರುವುದಿಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ, ತಡೆ ಇನ್ನೂ ಜಾಸ್ತಿ. ಅತ್ತೆಯ ಕೇಬಲಿನಲ್ಲಿ ಆದದ್ದು ಇಂಥದ್ದೇ. ಹೊರಗಿನ ರಬ್ಬರು ದಪ್ಪ, ಒಳಗಿನ ತಂತಿ ಕೂದಲೆಳೆ.

ಉದ್ದ ಎರಡು ಪಟ್ಟಾದರೆ ಈ ನಷ್ಟವೂ ಎರಡು ಪಟ್ಟು. ಹಾಗಾಗಿ ದಿನಾ ಬಳಸಲು ಒಂದು ಮೀಟರ್ ಸಾಕು. ಮಂಚದ ಹತ್ತಿರ ಸಾಕೆಟ್ ದೂರ ಅಂತ ಎರಡು ಮೀಟರ್ ಬೇಕೇ ಬೇಕಾದರೆ, ಸ್ವಲ್ಪ ಜಾಸ್ತಿ ಕೊಟ್ಟು ದಪ್ಪ ತಂತಿಯ ಒಳ್ಳೆಯದನ್ನೇ ತೆಗೆದುಕೊಳ್ಳಿ.

ಈಗ ತುದಿಗಳ ವಿಷಯ. ಒಂದು ತುದಿ ಅಗಲ ಚಪ್ಪಟೆ, ಇನ್ನೊಂದು ಸಿ ಆದರೆ ಅದು ಎ ಟು ಸಿ. ಎರಡೂ ಕಡೆ ಸಿ ಆದರೆ ಸಿ ಟು ಸಿ. ಪಿಡಿ ಬೇಕಾದರೆ ಚಾರ್ಜರಿನ ಕಡೆಯೂ ಸಿ ಇರಲೇಬೇಕು. ಐಫೋನ್ 14ರವರೆಗಿನವರಿಗೆ ಸಿ ಟು ಲೈಟ್ನಿಂಗ್, ಲೈಟ್ನಿಂಗ್ ಅಂದರೆ ಐಫೋನಿನದ್ದೇ ಹಳೆಯ ತುದಿ. ಹಳೆಯ ಅಗಲ ತುದಿಯ ಲೈಟ್ನಿಂಗ್ ಕೇಬಲಿನಲ್ಲಿ ಐಫೋನಿಗೆ ವೇಗದ ಚಾರ್ಜಿಂಗ್ ಬರುವುದಿಲ್ಲ, ಚಾರ್ಜರ್ ಎಷ್ಟೇ ದೊಡ್ಡದಿದ್ದರೂ. 2023ರಲ್ಲಿ ಬಂದ ಐಫೋನ್ 15ರಿಂದ ಅವರೂ ಟೈಪ್ ಸಿಗೆ ಬಂದರು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್ ಸಿ ಕಡ್ಡಾಯವೇ ಆಗಿದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಕೇಬಲ್ ಆಗುವ ಕಾಲ ಕೊನೆಗೂ ಬಂತು, ನನಗೆ ಇದು ನಿಜವಾಗಿ ಖುಷಿಯ ವಿಷಯ.

ಸಿ ಟು ಸಿ ಎಲ್ಲ ಒಂದೇ ಅಲ್ಲ. ಸಾದಾ ಕೇಬಲಿನಲ್ಲಿ 3 ಆಂಪಿಯರ್ ಮಾತ್ರ ಹೋಗಬಹುದು, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಮೇಲೆ 5 ಆಂಪಿಯರ್ ಬೇಕಾದರೆ ಕೇಬಲಿನ ತುದಿಯೊಳಗೆ ಇ-ಮಾರ್ಕರ್ ಅಂತ ಒಂದು ಸಣ್ಣ ಚಿಪ್ ಇರಬೇಕು. "ನಾನು 5 ಆಂಪಿಯರ್ ತಾಳುತ್ತೇನೆ" ಅಂತ ಚಾರ್ಜರಿಗೆ ಹೇಳುವುದು ಆ ಚಿಪ್ಪು. ಸ್ಯಾಮ್‌ಸಂಗಿನ 45 ವ್ಯಾಟ್ ಫೋನುಗಳಿಗೆ ಅದು ಬೇಕು. 45 ವ್ಯಾಟ್ 60ರ ಒಳಗೇ ಉಂಟಲ್ಲ ಅಂತ ಅನಿಸಬಹುದು, ಆದರೆ ಆ ಫೋನು ಕಡಿಮೆ ವೋಲ್ಟಿನಲ್ಲಿ ಜಾಸ್ತಿ ಆಂಪಿಯರ್ ಕೇಳುತ್ತದೆ. ಎಷ್ಟೋ ಜನ 45ರ ಚಾರ್ಜರ್ ತಂದು ಹಳೆಯ ಕೇಬಲೇ ಹಾಕಿ ಬೇಜಾರು ಮಾಡಿಕೊಳ್ಳುತ್ತಾರೆ. ಯುಎಸ್‌ಬಿ ಸಂಸ್ಥೆಯವರು 2021ರಿಂದ ಪರೀಕ್ಷೆ ಪಾಸಾದ ಕೇಬಲುಗಳಿಗೆ 60 ವ್ಯಾಟ್, 240 ವ್ಯಾಟ್ ಅಂತ ಗುರುತು ಕೊಡುತ್ತಾರೆ. ಆ ಗುರುತು ಕೇಬಲಿನ ಮೇಲೇ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ವಿಚಿತ್ರ ಒಂದು ಹೇಳುತ್ತೇನೆ. ಕೆಲವು ಅಗ್ಗದ ಟ್ರಿಮ್ಮರ್, ಸ್ಪೀಕರ್, ಟಾರ್ಚು ಇವುಗಳಿಗೆ ಟೈಪ್ ಸಿ ಪೋರ್ಟ್ ಇದ್ದರೂ ಸಿ ಟು ಸಿ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ, ಎ ಟು ಸಿಯಲ್ಲಿ ಆಗುತ್ತದೆ. ಒಳಗೆ ಹಾಕಬೇಕಾದ ಸಣ್ಣ ರೆಸಿಸ್ಟರ್ ಹಾಕದೆ ಉಳಿಸಿದ್ದರ ಫಲ. ಕೇಬಲ್ ಕೆಟ್ಟಿದೆ ಅಂತ ಬಿಸಾಡಬೇಡಿ. ಮನೆಯಲ್ಲಿ ಒಂದು ಎ ಟು ಸಿ ಇಟ್ಟುಕೊಳ್ಳಿ.

ಅಂಗಡಿಗೆ ಹೋಗುವಾಗ ನಿಮ್ಮ ಫೋನು ಮತ್ತು ಚಾರ್ಜರ್ ಎರಡೂ ಒಯ್ಯಿರಿ. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇರಲಿ, ತುಂಬಿದ ಫೋನಿನಲ್ಲಿ ವೇಗ ಗೊತ್ತಾಗುವುದಿಲ್ಲ. ಹಂಪನಕಟ್ಟೆಯಲ್ಲಾಗಲಿ ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನ ಹತ್ತಿರವಾಗಲಿ, ನಾನು ಕೇಳುವುದು ಹೀಗೆ: "ಅಣ್ಣ, ಸಿ ಟು ಸಿ ಕೇಬಲ್, 5 ಆಂಪಿಯರಿನದ್ದು. ಇ-ಮಾರ್ಕರ್ ಉಂಟಾ? ಒಮ್ಮೆ ಹಾಕಿ ನೋಡುತ್ತೇನೆ." ತಿಳಿದ ಅಂಗಡಿಯವರು ಖುಷಿಯಿಂದಲೇ ತೋರಿಸುತ್ತಾರೆ. ಹಾಕಿ ನೋಡಲು ಬಿಡದವರ ಹತ್ತಿರ ತೆಗೆದುಕೊಳ್ಳಬೇಡಿ. ಬಿಲ್ ಕೇಳಿ, ವಾರಂಟಿ ಇರುವ ಕೇಬಲುಗಳಿಗೆ ಬಿಲ್ ಇಲ್ಲದೆ ಏನೂ ಸಿಗುವುದಿಲ್ಲ.

ಕಾರಿನಲ್ಲಿ, ಮಳೆಯಲ್ಲಿ

ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್. ಕಾರಿನಲ್ಲಿ ಮ್ಯಾಪ್ ಹಾಕಿ, ಫೋನನ್ನು ಕಾರಿನ ಯುಎಸ್‌ಬಿಗೆ ಚುಚ್ಚಿ ಹೊರಟರೆ ಇಳಿಯುವಾಗ ಬ್ಯಾಟರಿ ಹೊರಟದ್ದಕ್ಕಿಂತ ಕಡಿಮೆ ಇರುತ್ತದೆ. ಎಷ್ಟೋ ಕಾರುಗಳ ಆ ಪೋರ್ಟ್ ಹಾಡು ಕೇಳಲು ಇಟ್ಟದ್ದು, ಅರ್ಧ ಆಂಪಿಯರ್ ಕೊಡುವುದೂ ಕಷ್ಟ. ಸಿಗರೇಟ್ ಲೈಟರ್ ಇರುವ 12 ವೋಲ್ಟಿನ ಜಾಗಕ್ಕೆ ಪಿಡಿ ಇರುವ ಕಾರ್ ಚಾರ್ಜರ್ ಹಾಕಿ. ಮತ್ತೆ ಫೋನನ್ನು ಗಾಜಿನ ಹತ್ತಿರ ಬಿಸಿಲಿಗೆ ಸಿಕ್ಕಿಸಬೇಡಿ. ಫೋನು ಬಿಸಿಯಾದರೆ ಯಾವ ಚಾರ್ಜರ್ ಇದ್ದರೂ ವೇಗ ಇಳಿಸುತ್ತದೆ, ಬ್ಯಾಟರಿಯ ಆಯಸ್ಸು ತಿನ್ನುವುದೂ ಆ ಬಿಸಿಯೇ. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ರಾತ್ರಿ ದಿಂಬಿನ ಅಡಿಯಲ್ಲಿ ಚಾರ್ಜಿಗೆ ಇಡುವುದಂತೂ ಬೇಡವೇ ಬೇಡ. ಫೋನಿನ ಕವರ್ ತೆಗೆದು, ಫ್ಯಾನಿನ ಗಾಳಿ ಬರುವಲ್ಲಿ ಮೇಜಿನ ಮೇಲೆ ಇಡಿ.

ಮಳೆಗಾಲ ನಮ್ಮ ಊರಿಗೆ ಬೇರೆಯೇ ಪಾಠ. ಕಿಸೆಯಲ್ಲಿ ಫೋನು ಸ್ವಲ್ಪ ಚಂಡಿ ಆದರೂ ಪೋರ್ಟಿನೊಳಗೆ ತೇವ ಉಳಿಯುತ್ತದೆ. ಅದಕ್ಕೆ ಕರೆಂಟು ಕೊಟ್ಟರೆ ಒಳಗಿನ ಚಿನ್ನದ ಬಣ್ಣದ ಪಿನ್ನುಗಳು ಹಸಿರಾಗಿ, ಕಪ್ಪಾಗಿ ತಿಂದುಹೋಗುತ್ತವೆ. ಟೈಪ್ ಸಿ ಪೋರ್ಟಿನಲ್ಲಿ 24 ಸಂಪರ್ಕ ಉಂಟು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೂದಲಷ್ಟು ಜಾಗ. ಮಲ್ಪೆ, ಪಣಂಬೂರು ಬೀಚಿಗೆ ಹೋಗಿ ಬಂದ ಉಪ್ಪುನೀರಾದರೆ ಇನ್ನೂ ಬೇಗ. ಎಷ್ಟೋ ಫೋನುಗಳು ತೇವ ಕಂಡರೆ ನೀರಹನಿಯ ಚಿತ್ರ ತೋರಿಸಿ ಚಾರ್ಜ್ ನಿಲ್ಲಿಸುತ್ತವೆ. ಆಗ ಒತ್ತಾಯ ಮಾಡಬೇಡಿ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಅರ್ಧ ಗಂಟೆಯಾದರೂ ಬಿಡಿ. ಪೂರ್ತಿ ಒಣಗಲು ಒಂದು ದಿನವೇ ಬೇಕಾಗಬಹುದು. ಅಕ್ಕಿ ಡಬ್ಬದಲ್ಲಿ ಹೂತಿಡುವ ಅಭ್ಯಾಸ ಬಿಡಿ. ಆ್ಯಪಲ್ ಕಂಪನಿಯೇ ಅದು ಬೇಡ ಅಂತ ಹೇಳಿದೆ, ಅಕ್ಕಿಯ ಹುಡಿ ಒಳಗೆ ಹೋಗಿ ಕೂರುತ್ತದೆ.

ಕೇಬಲ್ ಸರಿಯಾಗಿ ಕೂರುತ್ತಿಲ್ಲ, ಅಲುಗಿಸಿದರೆ ಚಾರ್ಜ್ ನಿಲ್ಲುತ್ತದೆ ಅಂತಾದರೆ ಮೊದಲು ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ. ಕಿಸೆಯ ನೂಲು, ಧೂಳು ಸೇರಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಒಣಗಿದ ಮರದ ಹಲ್ಲುಕಡ್ಡಿಯಲ್ಲಿ ಬದಿಯಿಂದ ನಿಧಾನಕ್ಕೆ ಕೆರೆದು ತೆಗೆಯಿರಿ. ಗುಂಡುಸೂಜಿ ಹಾಕಬೇಡಿ, ನಡುವಿನ ತೆಳು ನಾಲಿಗೆ ಮುರಿದರೆ ಪೋರ್ಟೇ ಬದಲಿಸಬೇಕು. ನಾನು ಹೀಗೆ ಒಮ್ಮೆ ಭಾವನ ಫೋನಿನಿಂದ ಭತ್ತದ ಕಾಳಿನಷ್ಟು ನೂಲಿನ ಉಂಡೆ ತೆಗೆದಿದ್ದೆ, ಆಮೇಲೆ ಅದೇ ಹಳೆಯ ಕೇಬಲ್ ಟಕ್ ಅಂತ ಕೂತಿತು.

ಚಾರ್ಜಿಗೆ ಇಟ್ಟ ಫೋನು ಮುಟ್ಟಿದರೆ ಜುಂ ಅಂತ ಅನಿಸುವುದುಂಟು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಾಗ ಜಾಸ್ತಿ. ಎರಡು ಪಿನ್ನಿನ ಒಳ್ಳೆಯ ಚಾರ್ಜರಿನಲ್ಲೂ ಬಹಳ ಸಣ್ಣ ಸೋರಿಕೆ ಇರುತ್ತದೆ, ಲೋಹದ ಅಂಚಿನ ಫೋನಿನಲ್ಲಿ ಅದು ತಿಳಿಯುತ್ತದೆ. ಆದರೆ ಕೈ ಹಿಂದೆ ತೆಗೆಯುವಷ್ಟು ಹೊಡೆದರೆ ಆ ಚಾರ್ಜರನ್ನು ಅವತ್ತೇ ಬಿಡಿ, ಎಲೆಕ್ಟ್ರಿಷಿಯನ್ ಕರೆದು ಮನೆಯ ಅರ್ಥಿಂಗ್ ಕೂಡ ನೋಡಿಸಿ. ಮಳೆ ಹಿಡಿಯುವ ಮೊದಲು ಮೇಯಲ್ಲಿ, ಮತ್ತೆ ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಶುರುವಾದರೆ ಚಾರ್ಜರನ್ನು ಸ್ವಿಚ್ ಆಫ್ ಮಾಡಿದರೆ ಸಾಲದು, ಸಾಕೆಟಿನಿಂದಲೇ ಕಿತ್ತು ಇಡಿ. ಸಿಡಿಲಿನ ಕರೆಂಟು ಸ್ವಿಚ್ಚಿನ ಆ ಸಣ್ಣ ಅಂತರವನ್ನು ಹಾರಿ ಬರುತ್ತದೆ.

ಮನೆಯಲ್ಲಿ ಇರುವುದು ಚೆನ್ನಾಗಿದೆಯಾ ಅಂತ ತಿಳಿಯಲು ಮೀಟರ್ ಬೇಕಂತಲೂ ಇಲ್ಲ. ಬ್ಯಾಟರಿ 20ಕ್ಕೆ ಇಳಿದಾಗ ಪರದೆ ಆಫ್ ಮಾಡಿ ಒಂದು ಕೇಬಲಿನಲ್ಲಿ ಸರಿಯಾಗಿ 15 ನಿಮಿಷ ಇಡಿ, ಎಷ್ಟು ಏರಿತು ಬರೆದಿಡಿ. ಮರುದಿನ ಅದೇ 20ರಿಂದ, ಅದೇ ಚಾರ್ಜರಿನಲ್ಲಿ, ಇನ್ನೊಂದು ಕೇಬಲ್. ಒಂದರಲ್ಲಿ 15 ಏರಿ ಇನ್ನೊಂದರಲ್ಲಿ 4 ಏರಿದರೆ ಉತ್ತರ ಸಿಕ್ಕಿತು. ಒಳ್ಳೆಯದಕ್ಕೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ನಮ್ಮ ಮನೆಯಲ್ಲಿ ಕೆಂಪು ದಾರದ್ದು ಬಿಟ್ಟರೆ ಬೇರೆ ಯಾವುದನ್ನೂ ಅಮ್ಮ ಮುಟ್ಟುವುದಿಲ್ಲ.

ಸೋತ ಕೇಬಲನ್ನು ಮತ್ತೆ ಡ್ರಾವರಿಗೆ ಹಾಕಬೇಡಿ, ಮರೆತು ಇನ್ಯಾರೋ ತೆಗೆದು ಬಳಸುತ್ತಾರೆ. ಅತ್ತೆಯದ್ದನ್ನು ಅವರ ಎದುರೇ ಕತ್ತರಿಯಲ್ಲಿ ಎರಡು ತುಂಡು ಮಾಡಿ, ಒಳಗಿನ ಕೂದಲೆಳೆ ತಂತಿ ತೋರಿಸಿ, ಹಳೆಯ ಬ್ಯಾಟರಿಗಳ ಜೊತೆ ಇ-ತ್ಯಾಜ್ಯದ ಚೀಲಕ್ಕೆ ಹಾಕಿದೆ. ನನ್ನ ಕೇಬಲನ್ನು ಅವರು ಕಾಪುವಿಗೆ ಒಯ್ದರು.